ಕಾನೂನಿಗೆ ಕತ್ತರಿ ಹಾಕುವ ಒಂದು ಪದದ ಕಥೆ

"ಡೆರೊಗೇಟರಿ ರಿಮಾರ್ಕ್" ಅನ್ನೋ ಮಾತು ಇಂಗ್ಲಿಷ್ ಪೇಪರ್ ಓದುವವರಿಗೆಲ್ಲ ಗೊತ್ತು. ಯಾರೋ ರಾಜಕಾರಣಿ ಇನ್ಯಾರಿಗೋ ಏನೋ ಅಂದ, ಅದಕ್ಕೊಂದು ಕೇಸು ಬಿತ್ತು, ಮರುದಿನ "ನನ್ನ ಮಾತನ್ನು ತಿರುಚಲಾಗಿದೆ" ಅಂತ ಹೇಳಿಕೆ ಬಂತು. ನಮ್ಮ ಕನ್ನಡ ಪತ್ರಿಕೆಗಳು ಇದನ್ನು "ಅವಹೇಳನಕಾರಿ" ಅಂತ ಬರೆಯುತ್ತವೆ. ಇದೇ ಪದದ ಅಣ್ಣ ಒಬ್ಬ ಕಾನೂನು ಪುಸ್ತಕಗಳಲ್ಲಿ ಸುಮಾರು ಎರಡು ಸಾವಿರ ವರ್ಷದಿಂದ ಕೂತಿದ್ದಾನೆ. ಅವನ ಹೆಸರು ಡೆರೊಗೇಶನ್. ತಮ್ಮನಷ್ಟು ಗಲಾಟೆ ಮಾಡುವವನಲ್ಲ. ಆದರೆ ಅವನು ಮಾಡಿರುವ ಕೆಲಸ ನೋಡಿದರೆ ತಮ್ಮನೇ ಎಷ್ಟೋ ವಾಸಿ ಅನ್ನಿಸುತ್ತದೆ.

ಅರ್ಥ ಹೇಳೋದು ಸುಲಭ. ಇರುವ ಕಾನೂನನ್ನು ತೆಗೆದುಹಾಕದೆ, ಅದರ ಒಂದು ಭಾಗವನ್ನು ಮಾತ್ರ ಕತ್ತರಿಸಿ ಬಲ ಕುಂದಿಸುವುದು. ಕಾನೂನು ಪುಸ್ತಕದಲ್ಲಿ ಹಾಗೇ ಇರುತ್ತದೆ, ಅದೇ ಹೆಸರು, ಅದೇ ನಂಬರು. ಒಳಗಿನ ಹೂರಣ ಮಾತ್ರ ಸ್ವಲ್ಪ ಖಾಲಿ. ಇದಕ್ಕೆ ಕನ್ನಡದಲ್ಲಿ ಏನನ್ನೋಣ? ರದ್ದು ಅಂದರೆ ಪೂರ್ತಿ ಹೋಯಿತು ಅಂತಾಗುತ್ತದೆ. ವಿನಾಯಿತಿ ಅಂದರೆ ಯಾರೋ ಒಬ್ಬರಿಗೆ ಕೊಟ್ಟದ್ದು. ಸಡಿಲಿಕೆ ಅಂದರೆ ಏನೋ ಒಳ್ಳೆಯದೇ ಆಗುತ್ತಿದೆ ಅನ್ನುವ ಧ್ವನಿ ಬರುತ್ತದೆ (2020ರ ಲಾಕ್‌ಡೌನ್ ಸಡಿಲಿಕೆ ನೆನಪಿಸಿಕೊಳ್ಳಿ). ಹಿಂದಿಯ ಸಂವಿಧಾನದಲ್ಲಿ "ಅಲ್ಪೀಕರಣ" ಅಂತ ಮಾಡಿದ್ದಾರೆ. ಚೆನ್ನಾಗಿದೆ, ಆದರೆ ಬಾಯಿಗೆ ಬರೋಲ್ಲ. ನನಗೆ "ಮೊಟಕು" ಇಷ್ಟ. ಅಧಿವೇಶನ ಮೊಟಕು, ಪ್ರವಾಸ ಮೊಟಕು ಅಂತ ನಾವು ದಿನಾ ಓದುತ್ತೇವಲ್ಲ, ಅದೇ ಮೊಟಕು. ಶುರುವಾದದ್ದು ಪೂರ್ತಿಯಾಗಲಿಲ್ಲ, ನಿಂತೂ ಹೋಗಲಿಲ್ಲ, ಅನ್ನುವ ಭಾವ ಅದರಲ್ಲಿದೆ.

ಸರಿ, ಪದ ಹುಟ್ಟಿದ ಊರಿಗೆ ಹೋಗೋಣ. ಊರು ರೋಮ್. ಲ್ಯಾಟಿನ್‌ನಲ್ಲಿ "ರೊಗಾರೆ" ಅಂದರೆ ಕೇಳುವುದು. ಕಾನೂನಿಗೂ ಕೇಳುವುದಕ್ಕೂ ಏನು ಸಂಬಂಧ ಅಂದಿರಾ? ಇರೋದೇ ಅಲ್ಲಿ. ರೋಮಿನ ಗಣರಾಜ್ಯದಲ್ಲಿ ಕಾನೂನು ಅಂದರೆ ಒಂದು ಪ್ರಶ್ನೆ. ಅಧಿಕಾರದಲ್ಲಿರುವವನು ಜನರ ಸಭೆಯ ಮುಂದೆ ನಿಂತು "ಹೀಗೆ ಆಗಬೇಕೆಂದು ನೀವು ಬಯಸುತ್ತೀರಾ, ಆಜ್ಞೆ ಮಾಡುತ್ತೀರಾ?" ಅಂತ ಕೇಳಬೇಕಿತ್ತು. ಆ ಪ್ರಸ್ತಾಪದ ಹೆಸರೇ "ರೊಗಾಟಿಯೊ", ಕೇಳಿಕೆ. ಜನ ಹೂಂ ಅಂದರೆ ಕಾನೂನು, ಇಲ್ಲದಿದ್ದರೆ ಇಲ್ಲ.

ಈ ಕೇಳುವಿಕೆ ಸುಮ್ಮನೆ ಶಾಸ್ತ್ರಕ್ಕೆ ನಡೆಯುತ್ತಿರಲಿಲ್ಲ, ಅದಕ್ಕೊಂದು ಕ್ರಮ ಇತ್ತು. ಮಸೂದೆಯನ್ನು ಮೊದಲೇ ಬರೆದು ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು, ಮೂರು ಸಂತೆಗಳಷ್ಟು ಸಮಯ ಕಳೆಯಬೇಕು. ಹಳ್ಳಿಯಿಂದ ಸಂತೆಗೆ ಬಂದವರೂ ಓದಲಿ ಅಂತ. ಕ್ರಿಸ್ತಪೂರ್ವ 98ರ ಒಂದು ಕಾನೂನು ಈ ಗಡುವನ್ನು ಖಡ್ಡಾಯ ಮಾಡಿತು. ಜೊತೆಗೆ ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ವಿಷಯಗಳನ್ನು ಒಂದೇ ಮಸೂದೆಯಲ್ಲಿ ಕಟ್ಟಿ ತರಬಾರದು ಅಂತಲೂ ಹೇಳಿತು. (ನಮ್ಮ ಸಂಸತ್ತಿನ ಹಣಕಾಸು ಮಸೂದೆಗಳನ್ನು ರೋಮಿನವರು ನೋಡಬೇಕಿತ್ತು :) ) ಮತ ಹಾಕುವ ದಿನ ಜನ ಸಾಲಾಗಿ ಒಂದು ಕಿರಿದಾದ ಸೇತುವೆಯಂಥ ದಾರಿ ಮೇಲೆ ನಡೆದು ಬುಟ್ಟಿಗೆ ಹಲಗೆಚೂರು ಹಾಕುತ್ತಿದ್ದರು. ಒಪ್ಪಿಗೆಗೆ "ನೀನು ಕೇಳಿದಂತೆ" ಎಂಬ ಮಾತಿನ ಮೊದಲಕ್ಷರ. ಬೇಡ ಅನ್ನುವುದಕ್ಕೆ "ಹಳೆಯದೇ ಇರಲಿ" ಎಂಬ ಮಾತಿನ ಮೊದಲಕ್ಷರ. ಕ್ರಿಸ್ತಪೂರ್ವ 119ರಲ್ಲಿ ಮಾರಿಯಸ್ ಆ ಸೇತುವೆಗಳನ್ನು ಇನ್ನೂ ಕಿರಿದು ಮಾಡಿಸಿದ. ಯಾಕೆ ಗೊತ್ತಾ? ಪಕ್ಕದಲ್ಲಿ ನಿಂತು ಮತದ ಹಲಗೆಯನ್ನು ಇಣುಕಿ ನೋಡುವವರಿಗೆ, ಕಿವಿಯಲ್ಲಿ ಪಿಸುಗುಟ್ಟುವವರಿಗೆ ಜಾಗ ಇರಬಾರದು ಅಂತ.

ಹಾಗಂತ ರೋಮನ್ನು ತೀರಾ ಹೊಗಳುವುದೂ ಬೇಡ. ಹೆಂಗಸರಿಗೆ ಮತ ಇರಲಿಲ್ಲ, ಗುಲಾಮರು ಲೆಕ್ಕಕ್ಕೇ ಇಲ್ಲ, ಶ್ರೀಮಂತರ ತೂಕವೇ ಹೆಚ್ಚು. ಆದರೂ ಕಾನೂನು ಅನ್ನುವುದು ಮೇಲಿಂದ ಉದುರುವ ಆಜ್ಞೆಯಲ್ಲ, ಕೇಳಿ ಪಡೆದ ಉತ್ತರ ಅನ್ನುವ ಕಲ್ಪನೆ ಆ ಭಾಷೆಯಲ್ಲೇ ಬೇರೂರಿತ್ತು.

ಹಾಗಾದರೆ ಮಾಡಿದ ಕಾನೂನನ್ನು ಬದಲಿಸುವುದಕ್ಕೂ ಮತ್ತೆ ಕೇಳಲೇಬೇಕಲ್ಲವೇ? ಅದಕ್ಕೇ ರೊಗಾರೆ ಪದಕ್ಕೆ ಬಾಲದ ಬದಲು ತಲೆ ಸೇರಿಸಿ ನಾಲ್ಕು ಪದ ಮಾಡಿಕೊಂಡರು. ಒಂದು ಉದಾಹರಣೆ ಕೊಡ್ತೀನಿ. ಒಂದು ಊರಿನವರು ಸಭೆ ಸೇರಿ "ಊರ ಕೆರೆಯಲ್ಲಿ ಯಾರೂ ಮೀನು ಹಿಡಿಯಬಾರದು" ಅಂತ ಕಟ್ಟಳೆ ಮಾಡಿಕೊಂಡರು ಅನ್ನಿ. ಮುಂದೆ ಯಾವತ್ತೋ "ಆ ಕಟ್ಟಳೆಯೇ ಬೇಡ, ತೆಗೆಯಿರಿ" ಅಂದರೆ ಅದು ಅಬ್ರೊಗೇಶನ್, ಪೂರ್ತಿ ರದ್ದು. "ಕಟ್ಟಳೆ ಇರಲಿ, ಯುಗಾದಿ ಮಾರನೇ ದಿನ ಹೊಸತೊಡಕಿಗೆ ಮಾತ್ರ ಹಿಡಿಯಬಹುದು" ಅಂದರೆ ಅದೇ ನಮ್ಮ ಡೆರೊಗೇಶನ್. "ಮೀನೂ ಹಿಡಿಯಬಾರದು, ಎಮ್ಮೆಯನ್ನೂ ತೊಳೆಯಬಾರದು" ಅಂತ ಸೇರಿಸಿದರೆ ಸಬ್‌ರೊಗೇಶನ್. (ಇವತ್ತು ಇನ್ಶೂರೆನ್ಸ್ ಕಂಪನಿಗಳು ಹೇಳುವ ಸಬ್‌ರೊಗೇಶನ್ ಬೇರೆ, ಗೊಂದಲ ಬೇಡ.) "ಬಲೆ ಹಾಕಬಾರದು, ಗಾಳ ಹಾಕಬಹುದು" ಅಂತ ಒಳಗಿನ ಮಾತನ್ನೇ ಬದಲಿಸಿದರೆ ಒಬ್‌ರೊಗೇಶನ್. ಈ ಕೊನೆಯ ಪದ ಈಗ ಯಾರ ಬಾಯಲ್ಲೂ ಇಲ್ಲ, ಪಾಪ. 2019ರ ಆಗಸ್ಟ್‌ನಲ್ಲಿ ಸಂವಿಧಾನದ 370ನೇ ವಿಧಿಯ ವಿಷಯದಲ್ಲಿ ಎಲ್ಲಾ ಚಾನೆಲ್ಲುಗಳೂ "ಅಬ್ರೊಗೇಶನ್" ಅಂತ ಕೂಗಿದವು. ಆದರೆ 370 ಎಂಬ ಸಂಖ್ಯೆ ಪುಸ್ತಕದಲ್ಲಿ ಇವತ್ತಿಗೂ ಇದೆ, ಅದರೊಳಗಿನ ಮಾತು ಬೇರೆಯಾಗಿದೆ. ಹಳೇ ರೋಮಿನ ವಕೀಲನಾಗಿದ್ದರೆ ನಾಲ್ಕನೇ ಪದವನ್ನೇ ಹುಡುಕಿ ತೆಗೆಯುತ್ತಿದ್ದನೋ ಏನೋ.

ಸಿಸೆರೊ ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲಿಯೇ ಈ ಪದಗಳನ್ನು ಒಟ್ಟಿಗೆ ಬಳಸಿದ್ದಾನೆ. ಕ್ರಿಸ್ತಶಕ ಮೂರನೇ ಶತಮಾನದ ಮೊಡೆಸ್ಟಿನಸ್ ಎಂಬ ಕಾನೂನು ಪಂಡಿತ ಒಂದು ಭಾಗ ತೆಗೆದರೆ ಡೆರೊಗೇಶನ್, ಪೂರ್ತಿ ಕಿತ್ತರೆ ಅಬ್ರೊಗೇಶನ್ ಅಂತ ಗೆರೆ ಹಾಕಿಟ್ಟ. ಅವನ ಮಾತು 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಮಾಡಿಸಿದ ದೊಡ್ಡ ಸಂಗ್ರಹದೊಳಗೆ ಸೇರಿತು. ಅಲ್ಲಿಂದ ಯುರೋಪಿನ ವಿಶ್ವವಿದ್ಯಾಲಯಗಳಿಗೆ, ಅಲ್ಲಿಂದ ಇಂಗ್ಲಿಷಿಗೆ, ಅಲ್ಲಿಂದ ನಮಗೆ.

ಪದ ಹೀಗೆ ಬಂತು. ಆದರೆ ದಾರಿಯಲ್ಲಿ ಅದರ ಹೊಟ್ಟೆಯೊಳಗಿದ್ದ "ಕೇಳುವುದು" ಎಲ್ಲಿ ಬಿದ್ದುಹೋಯಿತು? ನನಗೆ ಕುತೂಹಲ ಇರೋದು ಇದರಲ್ಲಿ.

ಬಿದ್ದುಹೋಗಿದ್ದು ರೋಮಿನಲ್ಲೇ, ಅದೂ ಎಲ್ಲರ ಕಣ್ಣೆದುರೇ. ಯಾರಾದರೂ ಒಬ್ಬನಿಗೆ ಯಾವುದಾದರೂ ಕಾನೂನಿನಿಂದ ವಿನಾಯಿತಿ ಕೊಡಬೇಕಾದರೆ ಅದನ್ನೂ ಜನರನ್ನೇ ಕೇಳಬೇಕಿತ್ತು. ಆಮೇಲೆ ಸೆನೆಟ್ ತಾನೇ ನಿರ್ಣಯ ಮಾಡತೊಡಗಿತು, ಕೊನೆಯಲ್ಲಿ "ಇದನ್ನು ಜನರ ಮುಂದೆ ತರಲಾಗುವುದು" ಅಂತ ಒಂದು ಸಾಲು ಬರೆಯುತ್ತಿತ್ತು. ಸ್ವಲ್ಪ ಕಾಲ ಕಳೆಯಿತು. ಸಾಲು ಬರೆಯುತ್ತಿದ್ದರು, ತರುತ್ತಿರಲಿಲ್ಲ. ಇನ್ನೂ ಸ್ವಲ್ಪ ಕಾಲ ಕಳೆಯಿತು, ಆ ಸಾಲು ಬರೆಯುವುದನ್ನೂ ಬಿಟ್ಟರು. ಕೊನೆಕೊನೆಗೆ ಬೆರಳೆಣಿಕೆಯ ಸೆನೆಟರುಗಳು ಕೂತು ತಮಗೆ ಬೇಕಾದವರಿಗೆ ವಿನಾಯಿತಿ ಕೊಟ್ಟು ಎದ್ದುಹೋಗುತ್ತಿದ್ದರು. ಕ್ರಿಸ್ತಪೂರ್ವ 67ರಲ್ಲಿ ಕಾರ್ನೀಲಿಯಸ್ ಎಂಬ ಜನಪ್ರತಿನಿಧಿ ಇದಕ್ಕೆ ತಕರಾರು ತೆಗೆದ. ಜನರನ್ನು ಕೇಳದೆ ಯಾರಿಗೂ ವಿನಾಯಿತಿ ಇಲ್ಲ ಅಂತ ಮಸೂದೆ ತಂದ. ದೊಡ್ಡವರಿಗೆಲ್ಲ ಸಿಟ್ಟು ಬಂತು. ಇನ್ನೊಬ್ಬ ಪ್ರತಿನಿಧಿ ಅಡ್ಡ ಬಂದು ಮಸೂದೆ ಓದುವುದಕ್ಕೇ ತಡೆ ಹಾಕಿದ, ಕಾರ್ನೀಲಿಯಸ್ ತಾನೇ ಓದತೊಡಗಿದ, ಗಲಾಟೆಯಾಯಿತು. ಕೊನೆಗೆ ರಾಜಿ. ಕನಿಷ್ಠ 200 ಸೆನೆಟರುಗಳಾದರೂ ಹಾಜರಿರಬೇಕು, ವಿಷಯ ಜನರ ಮುಂದೆ ಬಂದಾಗ ಯಾರೂ ಅಡ್ಡಿ ಮಾಡಬಾರದು ಅಂತಾಯಿತು.

ಈ ಪ್ರಸಂಗ ತಿಳಿದಿರುವುದು ಆಸ್ಕೋನಿಯಸ್ ಎಂಬ ಟಿಪ್ಪಣಿಕಾರ ಬರೆದಿಟ್ಟದ್ದರಿಂದ. ನನಗಂತೂ ಇದು ಸೀಸರನ ಕೊಲೆಗಿಂತ ಮುಖ್ಯವಾದ ಘಟನೆ ಅನ್ನಿಸುತ್ತದೆ. ಚಾಕು ಇಲ್ಲ, ರಕ್ತ ಇಲ್ಲ, ಒಂದು ಸಾಲು ಕಡತದಿಂದ ಮೆಲ್ಲಗೆ ಮಾಯವಾಗಿದ್ದು, ಅಷ್ಟೇ.

ಅದರ ಮುಂದಿನ ಹೆಜ್ಜೆಯನ್ನು ಇವತ್ತಿಗೂ ಕಣ್ಣಾರೆ ನೋಡಬಹುದು. ರೋಮಿನ ಕ್ಯಾಪಿಟೊಲೈನ್ ಮ್ಯೂಸಿಯಂನಲ್ಲಿ ಒಂದು ದೊಡ್ಡ ಕಂಚಿನ ಹಲಗೆ ಇದೆ. ವೆಸ್ಪೇಸಿಯನ್ ಚಕ್ರವರ್ತಿಗೆ ಅಧಿಕಾರ ಕೊಟ್ಟ ಕಾನೂನು, ಕ್ರಿಸ್ತಶಕ 69-70ರ ಹೊತ್ತಿನದು. ಆಗಸ್ಟಸ್ ಮೊದಲಾದ ಹಿಂದಿನವರು ಯಾವ ಯಾವ ಕಾನೂನುಗಳಿಗೆ ಒಳಪಟ್ಟಿರಲಿಲ್ಲವೋ ಅವುಗಳಿಗೆ ಇವನೂ ಒಳಪಡುವುದಿಲ್ಲ ಅಂತ ಅದರಲ್ಲಿ ಕೊರೆದಿದೆ. ತಮಾಷೆ ಅಂದರೆ ಇದೂ ಜನರನ್ನು ಕೇಳಿ ಮಾಡಿದ ಕಾನೂನಿನ ರೂಪದಲ್ಲೇ ಇದೆ! ಇನ್ನು ಮುಂದೆ ನಿಮ್ಮನ್ನು ಕೇಳುವುದಿಲ್ಲ, ಆಗಬಹುದಾ ಅಂತ ಕೇಳಿದ ಹಾಗೆ. 1347ರಲ್ಲಿ ಕೋಲಾ ದಿ ರಿಯೆಂಜೊ ಎಂಬಾತ ಇದೇ ಹಲಗೆಯನ್ನು ಚರ್ಚಿನಲ್ಲಿ ಎಲ್ಲರಿಗೂ ಕಾಣುವಂತೆ ಇಡಿಸಿ, ನೋಡಿ, ಆ ಕಾಲದಲ್ಲಿ ಚಕ್ರವರ್ತಿಗೂ ಅಧಿಕಾರ ಕೊಡುತ್ತಿದ್ದವರು ರೋಮಿನ ಜನ ಅಂತ ಭಾಷಣ ಮಾಡಿದ. ಒಂದೇ ಹಲಗೆ, ಎರಡು ಪಾಠ.

ನಡುವೆ ಫ್ರಾನ್ಸಿಗೆ ಒಂದು ಸಣ್ಣ ಭೇಟಿ. ಮೊದಲಿಗೆ ಹೇಳಿದ "ಅವಹೇಳನ"ದ ಅರ್ಥ ಈ ಪದಕ್ಕೆ ಹೇಗೆ ಅಂಟಿಕೊಂಡಿತು ಅನ್ನುವುದಕ್ಕೆ ಅಲ್ಲಿ ಸುಳಿವಿದೆ. ಭಾಗ ತೆಗೆದರೆ ಕಿಮ್ಮತ್ತು ಇಳಿಯುತ್ತದೆ, ಮನುಷ್ಯನದೂ ಅಷ್ಟೇ. ಹಳೆಯ ಫ್ರಾನ್ಸಿನಲ್ಲಿ ಕುಲೀನನೊಬ್ಬ ಅಂಗಡಿ ಇಟ್ಟರೆ, ಕೈಕಸುಬು ಮಾಡಿದರೆ ಅವನು "ಡೆರೊಗೇಟ್" ಆದ ಅನ್ನುತ್ತಿದ್ದರು. ಕುಲೀನತೆ ಹೋಯಿತು, ಜೊತೆಗೆ ತೆರಿಗೆ ವಿನಾಯಿತಿಯೂ ಹೋಯಿತು. ಗಾಜು ತಯಾರಿಸುವುದಕ್ಕೆ ಪರವಾಗಿಲ್ಲ, 1669ರಿಂದ ಕಡಲ ವ್ಯಾಪಾರಕ್ಕೂ ಪರವಾಗಿಲ್ಲ. ಬ್ರಿಟನಿ ಪ್ರಾಂತ್ಯದವರು ಬಹಳ ಜಾಣರು. ವ್ಯಾಪಾರ ಮಾಡುವಷ್ಟು ಕಾಲ ಕುಲೀನತೆಯನ್ನು "ಮಲಗಿಸಿ"ಟ್ಟು, ದುಡ್ಡಾದ ಮೇಲೆ ಎಬ್ಬಿಸಿಕೊಳ್ಳುವ ಪದ್ಧತಿ ಅಲ್ಲಿತ್ತು! ಹಕ್ಕು ಸತ್ತಿಲ್ಲ, ಮಲಗಿದೆ ಅಷ್ಟೇ ಅನ್ನುವ ಈ ವಾದ ಮುಂದೆ ನಮ್ಮ ದೇಶದಲ್ಲಿ ಬೇರೆ ರೂಪದಲ್ಲಿ ಬರುತ್ತದೆ, ನೆನಪಿರಲಿ.

ಇಂಗ್ಲೆಂಡಿನಲ್ಲಿ ಕತ್ತರಿ ರಾಜನ ಕೈಯಲ್ಲಿತ್ತು. ಪೋಪ್‌ಗಳ ಆಜ್ಞೆಗಳಲ್ಲಿ "ನಾನ್ ಒಬ್‌ಸ್ಟಾಂಟೆ" ಅಂತ ಒಂದು ಮಾತು ಬರುತ್ತಿತ್ತು. "ಬೇರೆ ಏನೇ ನಿಯಮ ಇದ್ದರೂ" ಅಂತ ಅರ್ಥ. 13ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜ ಮೂರನೇ ಹೆನ್ರಿ ಇದನ್ನು ತಾನೂ ಕಲಿತುಕೊಂಡ. ಮ್ಯಾಥ್ಯೂ ಪ್ಯಾರಿಸ್ ಎಂಬ ಸನ್ಯಾಸಿ ತನ್ನ ಚರಿತ್ರೆಯಲ್ಲಿ ಇದರ ಬಗ್ಗೆ ಚೆನ್ನಾಗಿ ಬೈದುಕೊಂಡಿದ್ದಾನೆ. ನಾಲ್ಕು ನೂರು ವರ್ಷ ಇದು ಹಾಗೂ ಹೀಗೂ ನಡೆಯಿತು. ಎರಡನೇ ಜೇಮ್ಸ್ ಬಂದ ಮೇಲೆ ಕುತ್ತಿಗೆಗೆ ಬಂತು. ಅವನು ಕ್ಯಾಥೊಲಿಕ್. ಕ್ಯಾಥೊಲಿಕರು ಸರ್ಕಾರಿ ಹುದ್ದೆ ಹಿಡಿಯದಂತೆ ತಡೆಯುವ ಕಾನೂನು 1673ರಿಂದ ಇತ್ತು. ಜೇಮ್ಸ್ ಸರ್ ಎಡ್ವರ್ಡ್ ಹೇಲ್ಸ್ ಎಂಬ ಕ್ಯಾಥೊಲಿಕನನ್ನು ಕರ್ನಲ್ ಮಾಡಿ, ಆ ಕಾನೂನು ನಿನಗೆ ಅನ್ವಯಿಸೋಲ್ಲ ಅಂತ ಪತ್ರ ಕೊಟ್ಟ. ಅದನ್ನು ಪರೀಕ್ಷೆಗೆ ಒಡ್ಡಲು ಹೇಲ್ಸನ ಸಾರೋಟು ಓಡಿಸುವ ಗಾಡನ್ ಎಂಬವನಿಂದಲೇ ಯಜಮಾನನ ಮೇಲೆ ಕೇಸು ಹಾಕಿಸಿದರು. ನಾಟಕವೇ ಅದು. ರಾಜನ ಮಾತಿಗೆ ತಲೆದೂಗದ ನ್ಯಾಯಾಧೀಶರನ್ನು ಮುಂಚೆಯೇ ಮನೆಗೆ ಕಳಿಸಲಾಗಿತ್ತು. 1686ರಲ್ಲಿ 12 ನ್ಯಾಯಾಧೀಶರಲ್ಲಿ 11 ಜನ ರಾಜನ ಪರ ಹೇಳಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಜೇಮ್ಸ್ ಕತ್ತರಿ ಹಾಕಲು ಹೊರಟ ಕಾನೂನೇನೂ ಒಳ್ಳೆಯದಲ್ಲ, ಧರ್ಮದ ಕಾರಣಕ್ಕೆ ಜನರನ್ನು ಹೊರಗಿಡುವ ಕಾನೂನು ಅದು. ಹಾಗಾಗಿ ಈ ಕಥೆಯಲ್ಲಿ ಖಳನಾಯಕ ಯಾರು ಅಂತ ಹೇಳುವುದು ಅಷ್ಟು ಸುಲಭವಲ್ಲ. ಆದರೆ ಇವತ್ತು ಕೆಟ್ಟ ಕಾನೂನನ್ನು ಕೇಳದೆ ಕತ್ತರಿಸಿದ ಕೈ ನಾಳೆ ಯಾವುದನ್ನು ಕತ್ತರಿಸುತ್ತದೋ ಅನ್ನುವ ಭಯ ಪಾರ್ಲಿಮೆಂಟಿಗೆ ಇತ್ತು. 1688ರ ಕೊನೆಗೆ ಜೇಮ್ಸ್ ಓಡಿಹೋದ, 1689ರ ಹಕ್ಕುಗಳ ಕಾಯ್ದೆ ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ಕಾನೂನಿಗೆ ವಿನಾಯಿತಿ ಕೊಡುವ ರಾಜನ ಅಧಿಕಾರವನ್ನು ಕಿತ್ತುಹಾಕಿತು. ಮಾತು ಮಾತ್ರ ಉಳಿಯಿತು. ನಮ್ಮ ಕಾಯ್ದೆಗಳಲ್ಲಿ "ಏನೇ ಒಳಗೊಂಡಿದ್ದರೂ" ಅಂತ ಶುರುವಾಗುವ ಉದ್ದುದ್ದ ವಾಕ್ಯಗಳಿವೆಯಲ್ಲ, ಅವು ಆ ಪೋಪ್‌ಗಳ ಮಾತಿನ ಮರಿಮಕ್ಕಳೇ. ವ್ಯತ್ಯಾಸ ಅಂದರೆ ಈಗ ಅದನ್ನು ಬರೆಯುವುದು ಶಾಸನಸಭೆ.

ಈಗ ನಮ್ಮ ಸಂವಿಧಾನಕ್ಕೆ ಬರೋಣ. 13ನೇ ವಿಧಿಯ ಶೀರ್ಷಿಕೆಯಲ್ಲೇ ನಮ್ಮ ಪದ ಇದೆ. ಮೂಲಭೂತ ಹಕ್ಕುಗಳಿಗೆ ಹೊಂದದ ಅಥವಾ ಅವುಗಳ "ಡೆರೊಗೇಶನ್" ಮಾಡುವ ಕಾನೂನುಗಳು ಅಂತ. ಒಳಗೆ ಎರಡನೇ ಖಂಡದಲ್ಲಿ ಏನು ಹೇಳಿದೆ? ಈ ಹಕ್ಕುಗಳನ್ನು ಕಸಿದುಕೊಳ್ಳುವ ಅಥವಾ ಮೊಟಕುಗೊಳಿಸುವ ಯಾವ ಕಾನೂನನ್ನೂ ರಾಜ್ಯ ಮಾಡಕೂಡದು. ಕಸಿಯುವುದು, ಮೊಟಕುಗೊಳಿಸುವುದು. ಮೊಡೆಸ್ಟಿನಸ್ ಹಾಕಿದ ಗೆರೆ 1950ರ ಪುಸ್ತಕದಲ್ಲಿ ಹಾಗೇ ಬಂದು ಕೂತಿದೆ ನೋಡಿ! ಸಂವಿಧಾನ ಬರೆದವರಿಗೆ ಪೂರ್ತಿ ಕಿತ್ತುಕೊಳ್ಳುವವನ ಭಯ ಎಷ್ಟಿತ್ತೋ ಚೂರು ಚೂರೇ ಕಡಿಯುವವನ ಭಯವೂ ಅಷ್ಟೇ ಇತ್ತು.

ಆದರೆ ಅದೇ ಪುಸ್ತಕದಲ್ಲಿ 359ನೇ ವಿಧಿಯೂ ಇದೆ. ತುರ್ತು ಪರಿಸ್ಥಿತಿಯಲ್ಲಿ ಹಕ್ಕುಗಳಿಗಾಗಿ ಕೋರ್ಟಿಗೆ ಹೋಗುವ ದಾರಿಯನ್ನು ರಾಷ್ಟ್ರಪತಿಗಳ ಆದೇಶದ ಮೂಲಕ ಮುಚ್ಚಬಹುದು. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಜೂನ್ 27ರ ಆದೇಶ 14, 21, 22ನೇ ವಿಧಿಗಳ ಬಾಗಿಲು ಮುಚ್ಚಿತು. 21 ಅಂದರೆ ಜೀವ ಮತ್ತು ಸ್ವಾತಂತ್ರ್ಯ. ಗಮನಿಸಿ, ಹಕ್ಕು ರದ್ದಾಗಲಿಲ್ಲ. ಪುಸ್ತಕದಲ್ಲಿ ಹಾಗೇ ಇತ್ತು. ಬ್ರಿಟನಿಯ ಕುಲೀನತೆಯಂತೆ ಮಲಗಿತ್ತು.

ಕರ್ನಾಟಕಕ್ಕೂ ಇದಕ್ಕೂ ನೇರ ನಂಟಿದೆ. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಅವರನ್ನು ಇಲ್ಲೇ ಬಂಧಿಸಿದರು. ಅವರು ಕರ್ನಾಟಕ ಹೈಕೋರ್ಟಿಗೆ ಹೋದರು. ಈ ಅರ್ಜಿಗಳನ್ನು ಕೇಳುವ ಅಧಿಕಾರವೇ ಕೋರ್ಟಿಗಿಲ್ಲ ಅಂತ ಸರ್ಕಾರ ವಾದಿಸಿತು. ಇದೆ, ಕೇಳುತ್ತೇವೆ ಅಂದಿತು ನಮ್ಮ ಹೈಕೋರ್ಟು. ದೇಶದ ಇನ್ನೂ ಕೆಲವು ಹೈಕೋರ್ಟುಗಳು ಹಾಗೇ ಅಂದವು. 1976ರಲ್ಲಿ 16 ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಅವರ ಒಪ್ಪಿಗೆ ಕೇಳದೆ ಬೇರೆ ರಾಜ್ಯಗಳಿಗೆ ವರ್ಗ ಮಾಡಲಾಯಿತು. ಕರ್ನಾಟಕದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದಸ್ವಾಮಿ ಗುವಾಹಟಿಗೆ. ಜೇಮ್ಸ್ ರಾಜನ ಕಥೆ ನೆನಪಾಯಿತೇ?

ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ಎಡಿಎಂ ಜಬಲ್ಪುರ್ ಮೊಕದ್ದಮೆ. ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರಿಗೆ ಒಂದು ಪ್ರಶ್ನೆ ಹಾಕಿದರು. 21ನೇ ವಿಧಿಯಲ್ಲಿ ಜೀವವೂ ಇದೆಯಲ್ಲ, ಪೊಲೀಸಿನವನೊಬ್ಬ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೆ? ತುರ್ತು ಪರಿಸ್ಥಿತಿ ಇರುವವರೆಗೆ ಅದಕ್ಕೂ ಕೋರ್ಟಿನಲ್ಲಿ ಪರಿಹಾರವಿಲ್ಲ ಎಂಬುದೇ ಉತ್ತರವಾಗಿತ್ತು. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ನಿಂತರು. ಖನ್ನಾ ಒಬ್ಬರೇ ವಿರುದ್ಧ. ಜೀವ, ಸ್ವಾತಂತ್ರ್ಯ ಸಂವಿಧಾನ ಕೊಟ್ಟ ಭಿಕ್ಷೆಯಲ್ಲ, ಕಾನೂನಿನ ಆಳ್ವಿಕೆ ಇರುವ ಕಡೆ ಅವು ಅದಕ್ಕೂ ಮೊದಲೇ ಇರುತ್ತವೆ ಎಂಬುದು ಅವರ ವಾದದ ಸಾರ. 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರನ್ನು ದಾಟಿ ಅವರಿಗಿಂತ ಕಿರಿಯರಾದ ಎಂ.ಎಚ್. ಬೇಗ್ ಅವರಿಗೆ ಹೋಯಿತು. ಖನ್ನಾ ರಾಜೀನಾಮೆ ಕೊಟ್ಟರು.

ತೀರ್ಪು ಬಂದ ನಾಲ್ಕೇ ದಿನಕ್ಕೆ, ಮೇ 2ರಂದು, "ಸಂಸ್ಕಾರ" ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ಬೆಂಗಳೂರು ಸೆಂಟ್ರಲ್ ಜೈಲು. ಅವರಿಗೆ ವಿಪರೀತ ಆಸ್ತಮಾ ಇತ್ತು. ಬರೋಡಾ ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ, ಆದರೂ ಮೀಸಾ ಕಾಯ್ದೆಯಡಿ ಒಳಗೇ ಇದ್ದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು, ಜನವರಿ 20ರಂದು ತೀರಿಕೊಂಡರು. ಆ ಎಂಟು ತಿಂಗಳೂ 21ನೇ ವಿಧಿ ಪುಸ್ತಕದಲ್ಲಿ ಒಂದಕ್ಷರ ಅಳಿಸಿಹೋಗದೆ ಇತ್ತು. ಆ ಜೈಲು ಇದ್ದ ಜಾಗವೇ ಈಗಿನ ಫ್ರೀಡಂ ಪಾರ್ಕ್. ಮೀಸಾದಡಿ ದೇಶದಲ್ಲಿ ಹಾಗೆ ಒಳಗಿದ್ದವರ ಲೆಕ್ಕ ಶಾ ಆಯೋಗದ ಪ್ರಕಾರ ಸುಮಾರು 35 ಸಾವಿರ.

ಆಮೇಲೆ ಒಂದಿಷ್ಟು ಬೇಲಿ ಹಾಕಿದರು. 1978ರ 44ನೇ ತಿದ್ದುಪಡಿಯಿಂದ 20 ಮತ್ತು 21ನೇ ವಿಧಿಗಳ ಬಾಗಿಲನ್ನು ತುರ್ತು ಪರಿಸ್ಥಿತಿಯಲ್ಲೂ ಮುಚ್ಚುವಂತಿಲ್ಲ. "ಆಂತರಿಕ ಗಲಭೆ" ಅನ್ನುವ ಸಡಿಲ ಮಾತು ಹೋಗಿ "ಸಶಸ್ತ್ರ ಬಂಡಾಯ" ಬಂತು. ಮಂತ್ರಿಮಂಡಲದ ನಿರ್ಧಾರ ಬರವಣಿಗೆಯಲ್ಲೇ ಇರಬೇಕು. 1979ರಲ್ಲಿ ಭಾರತ ವಿಶ್ವಸಂಸ್ಥೆಯ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದಕ್ಕೆ ಸೇರಿತು. ಆ ಒಪ್ಪಂದದ 4ನೇ ವಿಧಿ ಇಡೀ ಡೆರೊಗೇಶನ್ ಬಗ್ಗೆಯೇ ಇದೆ. ರಾಷ್ಟ್ರದ ಉಳಿವಿಗೇ ಸಂಚಕಾರ ಬಂದಿರಬೇಕು, ಅದನ್ನು ಬಹಿರಂಗವಾಗಿ ಸಾರಬೇಕು, ಪರಿಸ್ಥಿತಿಗೆ ಎಷ್ಟು ಅಗತ್ಯವೋ ಅಷ್ಟೇ ಕತ್ತರಿಸಬೇಕು, ಬೇರೆ ದೇಶಗಳಿಗೆ ತಿಳಿಸಬೇಕು. ಚಿತ್ರಹಿಂಸೆ, ಗುಲಾಮಗಿರಿ, ಜೀವ ಇಂಥವನ್ನು ಮುಟ್ಟುವ ಹಾಗೇ ಇಲ್ಲ. ಬ್ರಿಟನ್ 2001ರಲ್ಲಿ ಯುರೋಪಿನ ಇಂಥದ್ದೇ ಒಪ್ಪಂದದಡಿ ಡೆರೊಗೇಶನ್ ಘೋಷಿಸಿ ವಿದೇಶಿ ಶಂಕಿತರನ್ನು ವಿಚಾರಣೆಯಿಲ್ಲದೆ ಜೈಲಿನಲ್ಲಿಟ್ಟಾಗ, 2004ರ ಡಿಸೆಂಬರ್‌ನಲ್ಲಿ ಅಲ್ಲಿನ ಲಾರ್ಡ್ಸ್ ಎಂಟಕ್ಕೆ ಒಂದರಂತೆ ಅದು ತಪ್ಪು ಅಂದರು. ನಮ್ಮಲ್ಲಿ ಎಡಿಎಂ ಜಬಲ್ಪುರ್ ತೀರ್ಪನ್ನು ಸುಪ್ರೀಂ ಕೋರ್ಟು ಔಪಚಾರಿಕವಾಗಿ ತಳ್ಳಿಹಾಕಲು 2017ರ ಆಗಸ್ಟ್ 24ರವರೆಗೆ ಕಾಯಬೇಕಾಯಿತು, ಪುಟ್ಟಸ್ವಾಮಿ ಮೊಕದ್ದಮೆಯಲ್ಲಿ. ಅದನ್ನು ಬರೆದವರಲ್ಲಿ ಒಬ್ಬರು ಆ ನಾಲ್ವರಲ್ಲಿ ಒಬ್ಬರಾಗಿದ್ದ ವೈ.ವಿ. ಚಂದ್ರಚೂಡರ ಮಗ ಡಿ.ವೈ. ಚಂದ್ರಚೂಡ್. ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು.

ಇದೆಲ್ಲ ದೊಡ್ಡ ದೊಡ್ಡ ವಿಷಯ ಆಯಿತು, ನಮ್ಮಂಥವರ ದಿನದ ಬದುಕಿಗೆ ಇದು ಎಲ್ಲಿ ತಟ್ಟುತ್ತದೆ ಅಂದರೆ 2020ನ್ನು ನೋಡಿ. 1948ರ ಫ್ಯಾಕ್ಟರಿ ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ಸಾರ್ವಜನಿಕ ತುರ್ತು ಇದ್ದಾಗ ಕಾರ್ಖಾನೆಗಳಿಗೆ ವಿನಾಯಿತಿ ಕೊಡುವ ಅಧಿಕಾರ ಸರ್ಕಾರಕ್ಕಿತ್ತು. ತುರ್ತು ಅಂದರೆ ಯುದ್ಧ, ಆಕ್ರಮಣ, ಗಲಭೆಯಿಂದ ದೇಶದ ಭದ್ರತೆಗೆ ಬರುವ ಅಪಾಯ. ಕೊರೋನಾ ಬಂದಾಗ ಗುಜರಾತ್ ಸರ್ಕಾರ ಇದನ್ನು ಹಿಡಿದು ಅಧಿಸೂಚನೆ ಹೊರಡಿಸಿತು. ದಿನಕ್ಕೆ 12 ಗಂಟೆ ಕೆಲಸ, ಹೆಚ್ಚುವರಿ ದುಡಿಮೆಗೆ ಎರಡರಷ್ಟು ಕೂಲಿ ಇಲ್ಲ. ಕರ್ನಾಟಕವೂ 2020ರ ಮೇ ತಿಂಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ಅಂತ ಅಧಿಸೂಚನೆ ತಂದಿತು. ವಿಷಯ ಹೈಕೋರ್ಟಿಗೆ ಹೋಯಿತು, ಜೂನ್‌ನಲ್ಲಿ ಸರ್ಕಾರ ಹಿಂತೆಗೆದುಕೊಂಡಿತು. ಗುಜರಾತಿನದ್ದನ್ನು ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಸಾಂಕ್ರಾಮಿಕ ರೋಗ ಆ ಸೆಕ್ಷನ್ ಹೇಳುವ ತುರ್ತು ಅಲ್ಲ ಅಂದಿತು.

ಎಂಟು ಗಂಟೆ ಕೆಲಸ ಅನ್ನುವುದು ಎಷ್ಟು ಹೋರಾಟದಿಂದ ಬಂದದ್ದು! ಅದನ್ನು ಮೊಟಕು ಮಾಡಲು ಒಂದು ಹಾಳೆ ಅಧಿಸೂಚನೆ ಸಾಕಾಯಿತು. ಮೂರು ಸಂತೆ ಕಾಯಲಿಲ್ಲ. 2023ರಲ್ಲಿ ಕರ್ನಾಟಕ ಅದೇ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೂ ದುಡಿಸಲು ದಾರಿ ಮಾಡಿತು. ನನಗೆ ಈ ತಿದ್ದುಪಡಿ ಇಷ್ಟವಿಲ್ಲ. ಆದರೂ ಅದು ವಿಧಾನಮಂಡಲದ ಮುಂದೆ ಬಂತು, ಯಾರು ಹೂಂ ಅಂದರು ಯಾರು ಉಹೂಂ ಅಂದರು ಅಂತ ಹೆಸರು ಹಿಡಿದು ಕೇಳಬಹುದು. 2020ರ ಹಾಳೆಯಲ್ಲಿ ಆ ಸೌಲಭ್ಯ ಇರಲಿಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಫ್ಯಾಕ್ಟರಿ ಕಾಯ್ದೆಯ ಜಾಗ ತೆಗೆದುಕೊಂಡಿವೆ, ಆ ಕಥೆ ಇನ್ನೊಮ್ಮೆ ಬರೆಯೋಣ.

ಮುಗಿಸುವ ಮುಂಚೆ ಒಂದು ಉಪಯೋಗದ ಮಾತು. ಡೆರೊಗೇಶನ್ ಯಾವಾಗಲೂ ಶತ್ರುವಲ್ಲ, ಅದರ ಹಿಂದೆ "ಅಲ್ಲ" ಅಂತ ಸೇರಿಸಿದರೆ ಅದೇ ನಮ್ಮ ಕಾವಲುಗಾರ. 1986ರ ಗ್ರಾಹಕ ರಕ್ಷಣಾ ಕಾಯ್ದೆಯ 3ನೇ ಸೆಕ್ಷನ್, ಅದರ ಬದಲಿಗೆ ಬಂದ 2019ರ ಕಾಯ್ದೆಯ 100ನೇ ಸೆಕ್ಷನ್, ಮನೆ ಕೊಳ್ಳುವವರಿಗಾಗಿ ಇರುವ 2016ರ ರೇರಾ ಕಾಯ್ದೆಯ 88ನೇ ಸೆಕ್ಷನ್, ಮೂರೂ ಒಂದೇ ಮಾತು ಹೇಳುತ್ತವೆ. ಈ ಕಾಯ್ದೆ ಬೇರೆ ಕಾನೂನುಗಳ ಜೊತೆಗೆ ಇರುವುದು, ಅವನ್ನು ಮೊಟಕು ಮಾಡಲಿಕ್ಕಲ್ಲ ಅಂತ. ಫ್ಲ್ಯಾಟಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದು ಕೂತವರು ಗ್ರಾಹಕ ಆಯೋಗಕ್ಕೆ ಹೋದಾಗ ಬಿಲ್ಡರುಗಳು, ರೇರಾ ಬಂದಿದೆ, ಇನ್ನು ಇಲ್ಲಿಗೆ ಬರುವ ಹಾಗಿಲ್ಲ ಅಂತ ವಾದಿಸಿದರು. 2020ರ ನವೆಂಬರ್‌ನಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಸೆಕ್ಷನ್ನುಗಳನ್ನೇ ತೋರಿಸಿ, ಆ ಬಾಗಿಲೂ ತೆರೆದಿದೆ, ಈ ಬಾಗಿಲೂ ತೆರೆದಿದೆ ಅಂತ ಹೇಳಿತು. ಬುಕಿಂಗ್ ಮಾಡಿ ಇನ್ನೂ ಬೀಗದ ಕೈ ಸಿಗದವರು ಯಾರಾದರೂ ಇದನ್ನು ಓದುತ್ತಿದ್ದರೆ ಆ 88 ಮತ್ತು 100 ಎರಡೂ ನಂಬರುಗಳನ್ನು ಬರೆದಿಟ್ಟುಕೊಳ್ಳಿ.